ಟರ್ಕಿ ಹಾಡಿಗೆ ಈರವ್ವನ ಹಿಮ್ಮೇಳ

ಬೆಳಗಿನ ಜಾವ. ಸ್ಯಾನ್ ಹೋಸೆಯ ಬೆರ್ರಿಯೆಸಾ ರಸ್ತೆಯ ಅಂಗಡಿಸಾಲು ಇನ್ನೂ ಕಣ್ಣು ಬಿಟ್ಟಿಲ್ಲ. ಬಟ್ಟೆ ಒಗೆಯುವ ಅಂಗಡಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿ, ವಿಯೆಟ್ನಾಮಿನವರ ಸೂಪಿನ ಹೋಟೆಲು ಎಲ್ಲವೂ ಬೀಗ ಹಾಕಿಕೊಂಡಿವೆ. ಕೊನೆಯ ಬೇಕರಿಯ ಹಿಂಬಾಗಿಲಿನಿಂದ ಮಾತ್ರ ಬೆಳಕೂ ಹುರಿದ ಎಳ್ಳಿನ ಘಮವೂ ಹೊರಗೆ ಬರುತ್ತಿವೆ. ಒಳಗೆ ಈರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಮೇಲೆ ಏಪ್ರನ್ನು ಕಟ್ಟಿ, ತಲೆಗೆ ಬಲೆಯ ಟೋಪಿ ಹಾಕಿಕೊಂಡು ಹಿಟ್ಟು ನಾದುತ್ತಿದ್ದಾರೆ. ವಯಸ್ಸು ಐವತ್ತೈದು ದಾಟಿದೆ. ತೋಳು ನೋಡಿದರೆ ಹಾಗೆನ್ನಿಸುವುದಿಲ್ಲ.

ಅವರ ಬೆನ್ನ ಹಿಂದೆ ಒಬ್ಬ ಎತ್ತರದ ಯುವಕ ರೊಟ್ಟಿಯ ಟ್ರೇಗಳನ್ನು ವ್ಯಾನಿಗೆ ಹೊರುತ್ತ ಓಡಾಡುತ್ತಿದ್ದಾನೆ. ಹೆಸರು ಎಮ್ರೆ. ಹೊರುವಾಗಲೂ ಅವನ ಬಾಯಿಗೆ ಬಿಡುವಿಲ್ಲ. ಟರ್ಕಿಶ್ ಭಾಷೆಯಲ್ಲಿ ಪಟಪಟನೆ ಸಾಲುಗಳನ್ನು ಹೇಳುತ್ತಾನೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಅಷ್ಟರಲ್ಲಿ ಹಿಟ್ಟಿನ ಮೇಜಿನಿಂದ ಈರವ್ವನ ದನಿ ಏಳುತ್ತದೆ. ಅವನು ಬಿಟ್ಟ ಕೊನೆಯ ಪದವನ್ನೇ ಹಿಡಿದು, ಎಳೆದು, ಅವನು ಎದೆ ತುಂಬ ಗಾಳಿ ತುಂಬಿಕೊಳ್ಳುವವರೆಗೆ ಮೇಲೆಯೇ ಇಟ್ಟಿರುತ್ತಾರೆ. ‘ಹಾಂ, ಎತ್ತು ತಮ್ಮಾ!’ ಎನ್ನುತ್ತಾರೆ. ಅವನು ಮುಂದಿನ ಸಾಲನ್ನು ಎತ್ತುತ್ತಾನೆ.

ಇವತ್ತು ಶನಿವಾರ. ಕಳೆದ ವರ್ಷ, ೧೯೯೯ರ ಆಗಸ್ಟಿನಲ್ಲಿ, ಟರ್ಕಿಯಲ್ಲಿ ಭೂಕಂಪವಾಯಿತಲ್ಲ, ಅದರಲ್ಲಿ ಸತ್ತವರ ನೆನಪಿಗೆ ಇಲ್ಲಿನ ಟರ್ಕಿಯವರ ಸಂಘ ಮಧ್ಯಾಹ್ನ ಒಂದು ಸಭೆ ಇಟ್ಟುಕೊಂಡಿದೆ. ಎಮ್ರೆ ಹಾಡುತ್ತಾನೆ, ಈರವ್ವ ಹಿಮ್ಮೇಳ. ಹಾಡಿನ ನಡುವೆ ಒಂದು ಕಡೆ ಎಲ್ಲರೂ ಸುಮ್ಮನಾಗಬೇಕು. ಹೋದ ವರ್ಷ ಅದೇ ಜಾಗದಲ್ಲಿ ಈರವ್ವ ಸುಮ್ಮನಿರಲಿಲ್ಲ. ಈ ವರ್ಷವೂ ಬಾಯಿ ಬಿಟ್ಟರೆ ಅವರನ್ನೂ ಎಮ್ರೆಯನ್ನೂ ಆ ವೇದಿಕೆಗೆ ಮತ್ತೆ ಕರೆಯುವುದಿಲ್ಲ ಎಂದು ಸಂಘದ ಹಿರಿಯರು ಮುಖಕ್ಕೇ ಹೇಳಿದ್ದಾರೆ.

‘ಹೆದರಿಕೆ ಆಗತ್ತಾ ಅಮ್ಮಾ?’ ಎಂದು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಕೇಳಿದೆ.

‘ಹೆದರಿದ್ರ ಉಸರು ಸಣ್ಣದಾಗ್ತೈತಿ ತಂಗಿ. ಹಿಮ್ಮೇಳದಾಕಿಗೆ ಅದು ಬ್ಯಾಡ’ ಎಂದರು. ಹಿಟ್ಟು ಮಾತ್ರ ಎರಡು ಪೆಟ್ಟು ಜಾಸ್ತಿ ತಿಂದಿತು.

ನಾನು ಈರವ್ವನನ್ನು ಕಂಡುಹಿಡಿದೆ ಎಂದು ಜಂಬ ಕೊಚ್ಚಿಕೊಳ್ಳುವ ಹಾಗಿಲ್ಲ. ಸ್ಯಾನ್ ರಮೋನಿನ ನಮ್ಮ ಮನೆಯಿಂದ ೬೮೦ರ ಫ್ರೀವೇ ಹಿಡಿದು ನಾನು ಕೆಲಸಕ್ಕೆ ಹೋಗುವುದು ಒಂದು ಡಾಟ್ ಕಾಮ್ ಕಂಪನಿಗೆ. ಆ ಕಂಪನಿ ಏನನ್ನು ಮಾರುತ್ತದೆ ಎಂದು ನನ್ನ ತಾಯಿ ಮಂಡ್ಯದಿಂದ ಪ್ರತಿ ಫೋನಿನಲ್ಲೂ ಕೇಳುತ್ತಾರೆ, ನಾನು ಪ್ರತಿ ಸಲವೂ ಹವಾಮಾನದ ಮಾತಿಗೆ ಹೊರಳುತ್ತೇನೆ. ಒಂದು ಬೆಳಿಗ್ಗೆ ಟ್ರಾಫಿಕ್ಕಿಗೆ ಬೇಸತ್ತು ಈ ಬೇಕರಿಗೆ ನುಗ್ಗಿದವಳಿಗೆ ಒಳಗಿನಿಂದ ‘ಎತ್ತು ತಮ್ಮಾ’ ಎಂಬ ಕೂಗು ಕೇಳಿಸಿತು. ಟರ್ಕಿಶ್ ಭಾಷೆ ನಮ್ಮ ಭಾಷೆಗೆ ಇಷ್ಟು ಹತ್ತಿರವೇ ಎಂದು ಅರೆಕ್ಷಣ ನಂಬಿಯೂಬಿಟ್ಟೆ. ಆಮೇಲೆ ಬಲೆಯ ಟೋಪಿಯ ಕೆಳಗೆ ಕುಂಕುಮ ಕಂಡಿತು.

ಈರವ್ವ ಮುಧೋಳ ಸೀಮೆಯವರು. ಹದಿನಾರನೇ ವಯಸ್ಸಿಗೇ ಗೀಗೀ ಮೇಳ ಸೇರಿದರು. ಗೀಗೀ ಹಾಡಿನಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಂದು ಗಂಡು ಹೆಚ್ಚೆನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆನ್ನುತ್ತದೆ. ಹಾಡಿನಲ್ಲೇ ಪ್ರಶ್ನೆ, ಹಾಡಿನಲ್ಲೇ ಉತ್ತರ, ಹಾಡಿನಲ್ಲೇ ಮಾನ ಕಳೆಯುವುದು. ಮುಂದೆ ನಿಂತು ವಾದ ಹೂಡುವವರಿಗೆ ಹೆಸರು ಬರುತ್ತದೆ, ಶಾಲು ಬರುತ್ತದೆ. ಹಿಂದೆ ಇಬ್ಬರು ಹಿಮ್ಮೇಳದವರು ದಪ್ಪು ಎಂಬ ಚರ್ಮವಾದ್ಯ ಬಾರಿಸುತ್ತ ಪ್ರತಿ ಸಾಲಿನ ತುದಿಯನ್ನು ಹಿಡಿದು ಎಳೆಯುತ್ತಾರೆ. ಮುಂದಿನವರು ಉಸಿರಾಡುವುದು, ಮುಂದಿನ ಸಾಲನ್ನು ಯೋಚಿಸುವುದು, ಮರೆತಿದ್ದರೆ ನೆನಪಿಸಿಕೊಳ್ಳುವುದು ಎಲ್ಲ ಆ ಹೊತ್ತಿನಲ್ಲೇ.

‘ನಾ ಎಂದೂ ಮುಂದ ಹಾಡಿದಾಕಿ ಅಲ್ರಿ’ ಎನ್ನುತ್ತಾರೆ ಈರವ್ವ. ‘ನಾನು, ಹುಚ್ಚಮ್ಮ, ಇಬ್ಬರೂ ಹಿಂದ. ಅಕಿ ನನ್ನ ಎಡಕ್ಕ. ಮುಂದಿನಾಕಿ ಉಸರು ಮುಗಿದ್ರ ನಾ ಹಿಡೀತಿದ್ದೆ, ನನ್ನ ಉಸರು ಮುಗಿದ್ರ ಹುಚ್ಚಮ್ಮ ಹಿಡೀತಿದ್ಲು. ಹಾಡು ನೆಲಕ್ಕ ಬೀಳಬಾರದು. ಬಿತ್ತಂದ್ರ ಮೇಳ ಸೋತಂಗ.’

ಹಾಡು ಬೀಳುವುದು ಮೊದಲೇ ಗೊತ್ತಾಗುವುದು ಹೇಗೆ? ಈರವ್ವ ಹಿಟ್ಟಿನ ಕೈಯಿಂದಲೇ ನನ್ನ ಹೆಗಲನ್ನು ಮುಟ್ಟಿ ತೋರಿಸಿದರು. ‘ಬಾಯಿ ನೋಡಬಾರದು, ಹೆಗಲು ನೋಡಬೇಕು. ಹೆಗಲು ಮ್ಯಾಲ ಎದ್ದಿತು ಅಂದ್ರ ಅಕಿ ಗಾಳಿ ತಗೊಳ್ಳಾಕ್ಹತ್ಯಾಳ, ಹಾಡ್ತಾಳ. ಕೆಳಗ ಜೋತು ಬಿತ್ತಂದ್ರ ಅಕಿ ಕಡಿ ಏನೂ ಉಳಿದಿಲ್ಲ, ನೀನ ಹಿಡಿ. ಅದಕ್ಕ ನಾವು ಹಿಂದ ನಿಂದ್ರೂದು.’ ನನ್ನ ಆಫೀಸಿನ ಕಪ್ಪು ಕೋಟಿನ ಮೇಲೆ ಆ ದಿನವೆಲ್ಲ ಐದು ಬೆರಳ ಗುರುತಿತ್ತು.

ಗಂಡ ಮಲ್ಲಪ್ಪನವರು ಅಡುಗೆಯವರು. ಸನ್ನಿವೇಲಿನ ಹೋಟೆಲೊಂದರ ಮಾಲೀಕರು ಅವರನ್ನು ಕರೆಸಿಕೊಂಡರು, ಎರಡು ವರ್ಷ ಬಿಟ್ಟು ಈರವ್ವ ಬಂದರು. ಮೊದಲ ವರ್ಷಗಳ ಮಾತೆತ್ತಿದರೆ ಅವರ ಮುಖ ಬಿಗಿಯುತ್ತದೆ. ಗಂಡ ಹೋಟೆಲಿಗೆ ಹೋದ ಮೇಲೆ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಒಮ್ಮೆ ಬೇಸರಕ್ಕೆ ಪಾತ್ರೆ ಬಾರಿಸಿಕೊಂಡು ಹಾಡಿದ್ದಕ್ಕೆ ಮೇಲಿನ ಮನೆಯವರು ಪೊಲೀಸರನ್ನು ಕರೆದರಂತೆ. ಕೆಲಸ ಮಾಡುವ ಕಾಗದ ಕೈಗೆ ಬಂದ ಮೇಲೆ ಮೆನ್ಲೋ ಪಾರ್ಕಿನ ಆಫೀಸುಗಳಲ್ಲಿ ನೆಲ ಒರೆಸಿದರು. ನಮ್ಮ ಕನ್ನಡದವರ ಹಬ್ಬದ ಕಾರ್ಯಕ್ರಮಕ್ಕೂ ಒಮ್ಮೆ ಹೋಗಿ ಹಾಡುತ್ತೇನೆ ಎಂದು ಕೇಳಿದ್ದುಂಟು. ‘ಏನು ಹಾಡ್ತೀರಿ?’ ಎಂದು ಅಲ್ಲಿನವರು ಕೇಳಿದರು. ‘ಹಿಮ್ಮೇಳ’ ಎಂದರು ಇವರು. ‘ಸರಿ, ಮುಂದೆ ಯಾರು?’ ಎಂದರು ಅವರು. ಮುಂದೆ ಯಾರೂ ಇರಲಿಲ್ಲ. ಹಿಮ್ಮೇಳ ಒಂದನ್ನೇ ಇಟ್ಟುಕೊಂಡು ಕಾರ್ಯಕ್ರಮ ಮಾಡುವುದು ಹೇಗೆ ಎಂದು ಅವರೂ ಪಾಪ ತಲೆ ಕೆರೆದುಕೊಂಡಿರಬೇಕು.

ಮುಂದಿನವನು ಸಿಕ್ಕಿದ್ದು ಈ ಬೇಕರಿಯಲ್ಲಿ. ಮಾಲೀಕ ಹಲೀಲ್ ಅವರಿಗೆ ತೆಳ್ಳಗೆ ಹಾಳೆಯಂತೆ ರೊಟ್ಟಿ ಲಟ್ಟಿಸುವ ಕೈ ಬೇಕಿತ್ತು. ಈರವ್ವ ಉದ್ದನೆಯ ಲಟ್ಟಣಿಗೆಯನ್ನು ಒಂದು ಬೆಳಿಗ್ಗೆ ನೋಡಿ, ಮರುದಿನದಿಂದ ಲಟ್ಟಿಸತೊಡಗಿದರು. ಈಗ ದಿನಕ್ಕೆ ಮುನ್ನೂರರ ಮೇಲೆ ಹಾಳೆಗಳು ಅವರ ಕೈಯಿಂದ ಇಳಿಯುತ್ತವೆ. ಅವುಗಳ ನಡುವೆ ಚೀಸು, ಪಾಲಕ್ಕು ತುಂಬಿದ ತಿಂಡಿ ಸೀದಾ ಕಂಪನಿಗಳ ಬ್ರೇಕ್‌ಫಾಸ್ಟ್ ಮೀಟಿಂಗುಗಳಿಗೆ ಹೋಗುತ್ತದೆ. ನಮ್ಮ ಕಂಪನಿಗೂ ಬರುತ್ತಿತ್ತು, ಗಂಟಲಿಗಿಳಿಯುವಾಗ ಮುಧೋಳದ ಕೈ ಎಂದು ನನಗೆ ತಿಳಿದಿರಲಿಲ್ಲ.

ಎಮ್ರೆ ಹಲೀಲ್ ಅವರ ಅಕ್ಕನ ಮಗ. ಹುಟ್ಟಿದ್ದು ಬರ್ಲಿನ್ನಿನಲ್ಲಿ, ಕಾರ್ಖಾನೆಗೆ ದುಡಿಯಲು ಹೋದ ಟರ್ಕಿಯವರ ಗಲ್ಲಿಯಲ್ಲಿ. ಅಲ್ಲಿನ ಹುಡುಗರು ‘ನಿಮ್ಮೂರಿಗೆ ಹೋಗಿ’ ಎಂಬ ಬೈಗುಳ ಕೇಳುತ್ತ ಬೆಳೆದವರು. ಅದಕ್ಕೆ ತಮ್ಮ ಭಾಷೆಯಲ್ಲೇ ಉತ್ತರ ಕೊಡಲು ರಾಪ್ ಹಿಡಿದರು. ಅವನ ಅಪ್ಪನ ಕಾರಿನಲ್ಲಿ ಮಾತ್ರ ಯಾವಾಗಲೂ ಅರಬೆಸ್ಕ್ ಕ್ಯಾಸೆಟ್ಟು. ಹಳ್ಳಿ ಬಿಟ್ಟು ಪೇಟೆಗೆ ಬಂದು ಅಲ್ಲಿ ಯಾರೂ ಅಲ್ಲದವರಾದ ಜನರ ಅಳುವ ಹಾಡು ಅದು. ಪಿಟೀಲು ಅಳುತ್ತದೆ, ಸಾಝ್ ಎಂಬ ಉದ್ದ ಕತ್ತಿನ ತಂತಿವಾದ್ಯ ಅಳುತ್ತದೆ, ಹಾಡುವವನು ಒಂದೇ ಸ್ವರದ ಮೇಲೆ ನಿಂತು ಕರಗುತ್ತಾನೆ. ಓದಿದ ಮಂದಿ ಬಹಳ ಕಾಲ ಅದನ್ನು ಕಂಡು ಮೂಗು ಮುರಿದರಂತೆ.

‘ಚಿಕ್ಕವನಿದ್ದಾಗ ನನಗೂ ಆ ಕ್ಯಾಸೆಟ್ ಕಂಡರೆ ನಾಚಿಕೆ’ ಎನ್ನುತ್ತಾನೆ ಎಮ್ರೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ. ‘ಸ್ನೇಹಿತರು ಬಂದರೆ ಕಾರಿನ ಕಿಟಕಿ ಏರಿಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅದೇ ಕ್ಯಾಸೆಟ್ಟಿನ ತುಂಡುಗಳನ್ನು ಕತ್ತರಿಸಿ ಕಂಪ್ಯೂಟರಿಗೆ ಹಾಕಿ, ಮೇಲೆ ನನ್ನ ಮಾತು ಹೇಳಿದೆ. ಬೀದಿಯ ಸಿಟ್ಟು ನನ್ನದು, ಅಳು ಅಪ್ಪನದು.’

ಆ ಸಿಟ್ಟೂ ಅಳುವೂ ಒಂದೇ ಉಸಿರಿನಲ್ಲಿ ಹಿಡಿಸುವುದಿಲ್ಲ. ಅವನ ಸಾಲುಗಳು ಓಡುತ್ತವೆ, ಕೊನೆಯ ಪದ ಮಾತ್ರ ನಿಂತು ಕರಗಬೇಕು, ಅಷ್ಟರಲ್ಲಿ ಎದೆ ಖಾಲಿ. ಒಂದು ಬೆಳಿಗ್ಗೆ ಹೀಗೇ ಹೇಳಿಕೊಳ್ಳುತ್ತ ಅವನು ಉಸಿರು ಕಟ್ಟಿ ನಿಂತಾಗ, ಭಾಷೆ ಒಂದಿಷ್ಟೂ ಬಾರದ ಈರವ್ವ ಕೈಗೆ ಸಿಕ್ಕ ಟ್ರೇಯನ್ನು ತಟ್ಟುತ್ತ ಆ ಪದವನ್ನು ಎತ್ತಿ ಹಿಡಿದರು. ಅಭ್ಯಾಸಬಲ. ಎಮ್ರೆ ಟ್ರೇಗಳನ್ನು ಕೆಳಗಿಟ್ಟು ‘ಇನ್ನೊಮ್ಮೆ’ ಎಂದ.

‘ರಾಪ್ ಹೇಳುವವರ ಪಕ್ಕದಲ್ಲಿ ಒಬ್ಬ ಗೆಳೆಯ ಇರುತ್ತಾನೆ, ಸಾಲಿನ ಕೊನೆಯನ್ನು ಜೊತೆಗೆ ಹೇಳಲು. ನನಗೆ ಈ ಊರಿನಲ್ಲಿ ಅಂಥ ಗೆಳೆಯ ಇರಲಿಲ್ಲ’ ಎನ್ನುತ್ತಾನೆ ಎಮ್ರೆ. ಈರವ್ವನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ‘ಹಿಮ್ಮೇಳ ಇಲ್ಲದ ಹಾಡ್ತಿದ್ದ ಪಾಪ, ತಾಯಿ ಇಲ್ಲದ ಕೂಸು’ ಎನ್ನುತ್ತಾರೆ ಅವರು. ಅವನು ಅವರನ್ನು ‘ತೇಯ್ಜೆ’ ಎಂದು ಕರೆಯುತ್ತಾನೆ. ಅಮ್ಮನ ಅಕ್ಕತಂಗಿಯರನ್ನು ಟರ್ಕಿಯವರು ಹಾಗೆ ಕರೆಯುತ್ತಾರೆ, ವಯಸ್ಸಾದ ಹೆಂಗಸರನ್ನೂ ಪ್ರೀತಿಯಿಂದ ಹಾಗೇ ಕರೆಯುವುದುಂಟು. ಹಲೀಲ್ ಗೋಡೆಯ ಮೇಲೆ ತೂಗುಹಾಕಿದ್ದ ತಮ್ಮೂರಿನ ದಪ್ಪನ್ನು ಇಳಿಸಿ ಕೊಟ್ಟರು. ತಾವು ಸಾಝ್ ತೆಗೆದುಕೊಂಡರು. ಮದುವೆಗಳು, ಕಾಲೇಜಿನ ಕಾರ್ಯಕ್ರಮಗಳು, ಒಂದೆರಡು ಕಾಫಿ ಅಂಗಡಿಗಳು ಹೀಗೆ ಶುರುವಾಯಿತು. ಸೀರೆ ಉಟ್ಟು ದಪ್ಪು ಹಿಡಿದ ಅಜ್ಜಿಯನ್ನು ಕಂಡು ಮೊದಲು ನಗುವ ಹುಡುಗರು ಎರಡನೇ ಹಾಡಿಗೆ ಚಪ್ಪಾಳೆಯ ತಾಳ ಹಾಕುತ್ತಾರೆ.

ಆಮೇಲೆ ಭೂಕಂಪ. ಸಮುದ್ರ ತೀರದ ಗೊಲ್ಜುಕ್ ಎಂಬ ಊರಿನಲ್ಲಿ ಹಲೀಲ್ ಅವರ ತಂಗಿಯ ಮನೆಯಿದ್ದ ಕಟ್ಟಡ ನೆಲಸಮವಾಯಿತು, ತಂಗಿ ಅದರಡಿ ಸಿಕ್ಕಿ ತೀರಿಕೊಂಡರು. ಎಮ್ರೆಯನ್ನು ಬೇಸಿಗೆಯ ರಜೆಯಲ್ಲೆಲ್ಲ ಸಾಕಿದ ತೇಯ್ಜೆ ಅವರು. ಸೆಪ್ಟೆಂಬರಿನಲ್ಲಿ ಸಂತ್ರಸ್ತರಿಗೆಂದು ಸಭೆ ಸೇರಿದಾಗ ಎಮ್ರೆ ಅವರ ಮೇಲೆ ಹಾಡು ಕಟ್ಟಿದ್ದ. ನಡುವೆ ಒಂದು ಕಡೆ ಕಂಪ್ಯೂಟರಿನ ತಾಳವೂ ಸಾಝೂ ಅವನೂ ನಿಲ್ಲಬೇಕು, ಸತ್ತವರಿಗಾಗಿ ಮೌನ. ಹಲೀಲ್ ಇದನ್ನು ಈರವ್ವನಿಗೆ ಮೊದಲೇ ತಿಳಿಸಿದ್ದರು. ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ‘ಅಲ್ಲಿ ಎಮ್ರೆ ನಿಲ್ಲುತ್ತಾನೆ’ ಎಂದಿದ್ದರು.

‘ಅಂವ ನಿಲ್ತಾನ ಅಂದ್ರ ಅಲ್ಲಿ ನಾ ಹಿಡೀಬೇಕು ಅಂತನ ಅಲ್ಲೇನ್ರಿ?’ ಎನ್ನುತ್ತಾರೆ ಈರವ್ವ. ‘ಸಣ್ಣಾಕಿದ್ದಾಗಿಂದ ನಾ ಮಾಡಿದ್ದ ಅದು. ನಮ್ಮೂರಾಗ ಸತ್ತವರ ಮುಂದ ಹಾಡ್ತೀವಿ, ಭಜನಿ ಮಾಡ್ತೀವಿ. ಎಲ್ಲಾರೂ ಸುಮ್ನ ಕುಂತ್ರ, ಇವರಿಗೆ ಅಳವ್ರ ಇಲ್ಲೇನು ಅಂತಾರ. ಸುಮ್ನ ನಿಂದ್ರೂದು ಮರ್ಯಾದಿ ಅಂತ ನಂಗ್ಯಾರ ಹೇಳಿದ್ರು?’

ಅವತ್ತು ಮೈಕಿನ ಅನುಕೂಲಕ್ಕೆಂದು ಅವರನ್ನು ಎಮ್ರೆಯ ಪಕ್ಕದಲ್ಲಿ, ಮುಂದೆ ನಿಲ್ಲಿಸಿದ್ದರು. ಹೆಗಲು ಕಾಣುತ್ತಿರಲಿಲ್ಲ. ಎಮ್ರೆ ನಿಂತ. ಇಡೀ ಸಭೆ ತಲೆ ತಗ್ಗಿಸಿತು. ಈರವ್ವ ದಪ್ಪಿಗೆ ನಾಲ್ಕು ಪೆಟ್ಟು ಹಾಕಿ ಗಂಟಲು ತುಂಬ ಗೀಗೀ ಎತ್ತಿದರು. ಮುಂದಿನ ಸಾಲಿನಲ್ಲಿದ್ದ ನೆರ್ಮಿನ್ ಎಂಬ ಹಿರಿಯ ಮಹಿಳೆ, ಗೊಲ್ಜುಕ್ಕಿನಲ್ಲೇ ತಂಗಿಯನ್ನು ಕಳೆದುಕೊಂಡವರು, ಇದು ತಮಾಷೆ ಎಂದುಕೊಂಡು ಎದ್ದು ಹೊರನಡೆದರು. ಅವರ ಹಿಂದೆ ಅರ್ಧ ಸಭೆ ನಡೆಯಿತು. ಆದದ್ದೇನೆಂದು ಬೇಕರಿಗೆ ಮರಳಿದ ಮೇಲೆ ತಿಳಿದಾಗ ಈರವ್ವ ಹಿಟ್ಟಿನ ಮೂಟೆಯ ಮೇಲೆ ಕುಳಿತುಬಿಟ್ಟರಂತೆ. ‘ಸತ್ತ ಮನ್ಯಾಗ ಸೋಬಾನ ಹಾಡಿದಂಗ ಆತಲ್ರಿ. ಆ ಅಕ್ಕಾರ ಮಾರಿ ನನ್ನ ಕಣ್ಣ ಮುಂದಿಂದ ಹೋಗಲಿಲ್ಲ.’ ಬಿಸಿ ರೊಟ್ಟಿ ಕಟ್ಟಿಕೊಂಡು ನೆರ್ಮಿನ್ ಅವರ ಮನೆಗೂ ಹೋಗಿದ್ದರು. ಅವರು ರೊಟ್ಟಿ ತೆಗೆದುಕೊಂಡು ಬಾಗಿಲು ಹಾಕಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ದಪ್ಪನ್ನು ಮತ್ತೆ ಗೋಡೆಗೆ ನೇತುಹಾಕುತ್ತಿದ್ದರು. ನಾನಾಗಿದ್ದರೆ ಖಂಡಿತ. ಈರವ್ವ ಮಾರನೆಯ ಬೆಳಿಗ್ಗೆ ಎಮ್ರೆಯನ್ನು ಕರೆದು ‘ಎಲ್ಲಿ ಸುಮ್ನ ಇರಬೇಕು ತೋರಸು’ ಎಂದರು. ಅಂದಿನಿಂದ ಈ ಒಂದು ವರ್ಷ ಹಿಟ್ಟಿನ ಮೇಜಿನ ಮುಂದೆ ಅವರು ಕಲಿತದ್ದು ಸುಮ್ಮನಿರುವುದನ್ನು. ಎಮ್ರೆ ಹಾಡುತ್ತ ಬಂದು ಆ ಜಾಗದಲ್ಲಿ ನಿಲ್ಲುತ್ತಾನೆ. ಈರವ್ವ ಎರಡೂ ಅಂಗೈಗಳನ್ನು ಹಿಟ್ಟಿನೊಳಗೆ ಒತ್ತಿಕೊಂಡು, ಹಲ್ಲು ಕಚ್ಚಿ, ಗಂಟಲಿನವರೆಗೆ ಬಂದದ್ದನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತಂತೆ. ‘ಹಾಡೂದು ಸುಲಭ ತಂಗಿ. ಹಿಡದ ಇಟಗೊಳ್ಳೂದು ಭಾಳ ಕಠಿಣ’ ಎನ್ನುತ್ತಾರೆ.

ಈ ವರ್ಷ ಈರವ್ವನ ಹೆಸರು ಕೇಳಿ ಸಂಘದವರು ಬೇಡವೆಂದರು. ‘ತೇಯ್ಜೆ ಇಲ್ಲದಿದ್ದರೆ ನಾನೂ ಇಲ್ಲ’ ಎಂದ ಎಮ್ರೆ. ಹಿರಿಯರು ಷರತ್ತು ಹಾಕಿ ಒಪ್ಪಿದರು. ಆಗ ಈರವ್ವನೂ ಒಂದು ಷರತ್ತು ಹಾಕಿದರು. ಜನ ನೋಡಲಿ, ಮುಂದೆ ನಿಲ್ಲಿ ಎಂದು ಎಮ್ರೆ ಎಷ್ಟು ಗೋಗರೆದರೂ ಜಗ್ಗಲಿಲ್ಲ.

‘ನಾ ಹಿಂದ ನಿಂದ್ರಾಕಿ. ಮಂದಿಗೆ ನನ್ನ ಮಾರಿ ಕಾಣದಿದ್ರ ಅಡ್ಡಿಯಿಲ್ಲ. ನಂಗ ನಿನ್ನ ಹೆಗಲು ಕಾಣಬೇಕು.’

ಮಧ್ಯಾಹ್ನ ಫ್ರೀಮಾಂಟಿನ ಸಭಾಂಗಣ ತುಂಬಿದೆ. ಹಿಂದಿನ ಸಾಲಿನಲ್ಲಿ ನಾನು ಮಲ್ಲಪ್ಪನವರ ಪಕ್ಕ ಕುಳಿತಿದ್ದೇನೆ. ಅವರ ತೊಡೆಯ ಮೇಲೆ ಹೆಂಡತಿಯ ಕೈಚೀಲ. ಮುಂದಿನ ಸಾಲಿನಲ್ಲಿ ಬಿಳಿ ತಲೆವಸ್ತ್ರದ ನೆರ್ಮಿನ್. ವೇದಿಕೆಯ ಮೇಲೆ ಹಲೀಲ್ ಅವರ ಸಾಝ್ ಒಂದು ಸುತ್ತು ಅಳುತ್ತದೆ, ಕಂಪ್ಯೂಟರಿನ ತಾಳ ಗುದ್ದುತ್ತದೆ, ಎಮ್ರೆ ಹೇಳಲು ಶುರುಮಾಡುತ್ತಾನೆ. ಅವನ ಹಿಂದೆ ಸೀರೆಯ ಅಂಚು, ದಪ್ಪಿನ ಅರ್ಧ ಭಾಗ, ಒಂದು ಕೈ ಇಷ್ಟೇ ಕಾಣುತ್ತವೆ. ಸಾಲಿನ ತುದಿಗಳು ಒಂದೊಂದೂ ಆ ಕಡೆಯಿಂದ ಎದ್ದು ಬರುತ್ತವೆ.

ಆ ಜಾಗ ಬಂದಿತು. ತಾಳ ನಿಂತಿತು, ಸಾಝ್ ನಿಂತಿತು, ಎಮ್ರೆ ನಿಂತ. ತಲೆಗಳು ಬಾಗಿದವು. ನಾನು ಬಗ್ಗಿಸಲಿಲ್ಲ, ಆ ಒಂದು ಕೈಯನ್ನೇ ನೋಡುತ್ತಿದ್ದೆ. ಅದು ದಪ್ಪಿನ ಚರ್ಮದ ಮೇಲೆ ಅಗಲವಾಗಿ ಒತ್ತಿಕೊಂಡಿತ್ತು. ಮಲ್ಲಪ್ಪನವರು ಕೈಚೀಲವನ್ನು ಹಿಂಡುತ್ತ ‘ಬ್ಯಾಡ ಈರಿ, ಬ್ಯಾಡ ಈರಿ’ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಎಲ್ಲೋ ಒಂದು ಮಗು ಕೆಮ್ಮಿತು. ಆ ಕೈ ಅಲ್ಲಾಡಲಿಲ್ಲ. ಎಮ್ರೆಯ ಹೆಗಲು ಎದ್ದಿತು, ತಾಳ ಮರಳಿತು, ಹಾಡು ಮುಂದೆ ಓಡಿತು. ನನಗೆ ಎದ್ದು ಕುಣಿಯಬೇಕೆನ್ನಿಸಿತು.

ಸಂತೋಷ ಬೇಗ ಮುಗಿಯಿತು. ಕೊನೆಯ ಚರಣದಲ್ಲಿ ಎಮ್ರೆ ಗೊಲ್ಜುಕ್ಕಿನ ತೇಯ್ಜೆಯ ಅಡುಗೆಮನೆಗೆ ಬಂದ. ಸ್ಟೌ, ಕಿಟಕಿಯ ಪರದೆ, ಕುದಿಯುವ ಚಹಾ ಒಂದೊಂದನ್ನೇ ಹೆಸರಿಸುತ್ತಾನೆ ಎಂದು ಬೆಳಿಗ್ಗೆ ನನಗೆ ಹೇಳಿದ್ದ. ‘ತೇಯ್ಜೆ’ ಎಂದು ಕರೆದವನಿಗೆ ಮುಂದಿನ ಪದ ಬರಲಿಲ್ಲ. ತಾಳ ತನ್ನ ಪಾಡಿಗೆ ಗುದ್ದುತ್ತಲೇ ಇತ್ತು. ಇದೂ ಹಾಡಿನ ಭಾಗವೇ ಎಂದು ಜನ ಕಾದರು. ಅವನ ಹೆಗಲು ಜೋತುಬಿದ್ದಿತ್ತು. ಬಾಯಿ ಬಿಟ್ಟರೆ ಮತ್ತೆ ಹೋದ ವರ್ಷದಂತೆಯೇ ಆಗಬಹುದು, ಬಿಡದಿದ್ದರೆ ಹುಡುಗ ಅಷ್ಟು ಜನರ ಮುಂದೆ ಅಳುತ್ತ ಒಬ್ಬನೇ ನಿಲ್ಲಬೇಕು.

ಈರವ್ವ ಹಿಡಿದರು. ದಪ್ಪು ಬಾರಿಸಲಿಲ್ಲ, ಗೀಗೀ ಎತ್ತಲಿಲ್ಲ. ಅವನು ಬಿಟ್ಟ ‘ತೇಯ್ಜೆ’ಯನ್ನೇ ಕೆಳಗಿನ ದನಿಯಲ್ಲಿ ಎತ್ತಿ, ಸತ್ತವರ ತಲೆದೆಸೆಯಲ್ಲಿ ಕುಳಿತ ನಮ್ಮ ಹೆಂಗಸರು ಎಳೆದು ಅಳುತ್ತಾರಲ್ಲ, ಹಾಗೆ ಎಳೆದರು. ಹಲೀಲ್ ಅವರ ಸಾಝ್ ಅದರ ಹಿಂದೆ ಬಂತು. ಎಮ್ರೆಯ ಹೆಗಲು ಇನ್ನೂ ಏಳಲಿಲ್ಲ. ಈರವ್ವನ ಉಸಿರು ಸಣ್ಣಗಾಗುತ್ತ ಬಂದಿತು. ಎಮ್ರೆಯ ಮರೆಯಿಂದ ಅವರ ಮುಖ ಹೊರಬಂದು ಎಡಕ್ಕೆ ತಿರುಗಿದ್ದನ್ನು ಕಂಡೆ. ಹುಚ್ಚಮ್ಮ ನಿಲ್ಲಬೇಕಿದ್ದ ಕಡೆ ಅದು. ಅಲ್ಲಿ ಯಾರೂ ಇರಲಿಲ್ಲ.

ಆ ಪದದ ತುದಿಯನ್ನು ಹಿಡಿದದ್ದು ಸಭೆಯ ಮುಂದಿನ ಸಾಲು. ಬಿಳಿ ತಲೆವಸ್ತ್ರ. ನೆರ್ಮಿನ್ ಎದ್ದು ನಿಲ್ಲಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಒಡೆದ ದನಿ, ಶ್ರುತಿಯ ಮಾತೇ ಇಲ್ಲ. ಆದರೂ ಹಿಡಿದುಕೊಂಡೇ ಇದ್ದರು. ಆಮೇಲೆ ಅವರ ಪಕ್ಕದವರು, ಅವರ ಹಿಂದಿನವರು. ಮಲ್ಲಪ್ಪನವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನನಗೂ. ಎಷ್ಟೋ ಹೊತ್ತಿನ ಮೇಲೆ ಎಮ್ರೆಯ ಹೆಗಲು ಎದ್ದಿತು. ‘ಎತ್ತು ತಮ್ಮಾ’ ಎಂಬುದು ಮೈಕಿಗೂ ಕೇಳಿಸಿತು. ಅವನು ಎತ್ತಿದ.

ಭಾನುವಾರ ಬೆಳಗಿನ ಜಾವ ಮತ್ತೆ ಬೇಕರಿಗೆ ಹೋದೆ. ಅದೇ ಬಲೆಯ ಟೋಪಿ, ಅದೇ ಹಿಟ್ಟು. ಸಭೆ ಮುಗಿದ ಮೇಲೆ ನೆರ್ಮಿನ್ ಬಂದು ಈರವ್ವನ ಎರಡೂ ಕೈಗಳನ್ನು ಹಿಡಿದುಕೊಂಡು ನಿಂತಿದ್ದನ್ನು ನಾನು ದೂರದಿಂದ ಕಂಡಿದ್ದೆ. ಏನು ಹೇಳಿದರು ಎಂದು ಕೇಳಿದೆ.

‘ಏನೋ ಅಂದ್ರು, ನಂಗೆಲ್ಲಿ ತಿಳೀಬೇಕು’ ಎಂದು ನಕ್ಕರು ಈರವ್ವ. ನನ್ನ ಮುಂದಿನ ಪ್ರಶ್ನೆ ಪತ್ರಿಕೆಯ ಈ ಪುಟಕ್ಕೆ ಬರೆಯುವ ನಾವೆಲ್ಲ ಕೇಳುವ ಹಳೆಯ ಪ್ರಶ್ನೆ. ನಿಮಗೇನಾದರೂ ಆಸೆ ಇದೆಯಾ? ಅವರು ಲಟ್ಟಣಿಗೆಯನ್ನು ಪಕ್ಕಕ್ಕಿಟ್ಟರು.

‘ಆ ನೆರ್ಮಿನ್ ಅಕ್ಕಾರ ದನಿ ಒಡದೈತಿ, ಸುರಾನೂ ಇಲ್ಲ. ಅದನ್ನ ನಾ ಕಲಸ್ತೀನಿ. ಆದ್ರ ಎಲ್ಲಿ ಹಿಡೀಬೇಕು ಅಂಬೂದು ಅವರಿಗೆ ಗೊತ್ತೈತಿ, ಅದು ಕಲಿಸಿದ್ರ ಬರೂದಲ್ಲ. ಮುಂದಿನ ವರ್ಷ ಅವರನ್ನ ನನ್ನ ಎಡಕ್ಕ ನಿಂದ್ರಸ್ತೀನಿ ನೋಡು ತಂಗಿ. ಹಿಂದ ಜಾಗಾ ಭಾಳ ಐತಿ.’